ಬಾಂದು ಕಲ್ಲು

“ಮುಟ್ಬ್ಯಾಡ ಕಣಮ್ಮ, ಕಾಲಲ್ಲಿ ಚಪ್ಲಿ ಐತೆ,” ಎಂದು ರಂಗಕ್ಕ ಕಲ್ಲಿಗೆ ಅಡ್ಡ ನಿಂತಳು.

ಸರ್ವೇಯರ್ ಯಶೋಧರಾ ಚಪ್ಪಲಿ ಕಳಚಿ ದೂರ ಇಟ್ಟರು. ಮೊಣಕಾಲೆತ್ತರದ, ಅರಿಶಿನ ಕುಂಕುಮ ಮೆತ್ತಿಕೊಂಡ ಕಲ್ಲು. ಕ್ವಾರಿಯ ಗಡಿಗೆ ನೆಟ್ಟ ಬಾಂದು ಕಲ್ಲು ಇದೇ ಏನು, ಇದ್ದ ಜಾಗದಲ್ಲೇ ಇದೆಯೇ ಎಂದು ವರದಿ ಕೊಡಲು ಕೋರ್ಟು ಅವರನ್ನು ಕಳಿಸಿತ್ತು. ಇದ್ದ ಜಾಗದಲ್ಲೇ ಇದೆ ಎಂದಾದರೆ ಬೆಟ್ಟದ ಈ ಮಗ್ಗುಲೂ ಕ್ವಾರಿಯ ಪಾಲು. ಪುರವರದ ಕಡೆಯ ಗೊಲ್ಲರಹಟ್ಟಿಯ ಕುರಿಗಳಿಗೆ ಉಳಿದಿದ್ದ ಹುಲ್ಲೂ ಹೋದಂತೆ. ಕೇಸು ಹಾಕಿದ್ದವನು ರಂಗಕ್ಕನ ಗಂಡ ಮುದ್ದಪ್ಪ.

“ಹದಿನೆಂಟು ವರ್ಷದ ಕಲ್ಲು ಮೇಡಂ. ಗಣಿ ಶುರುವಾದಾಗ್ಲೇ ಇಲ್ಲಿ ನೆಟ್ಟಿದ್ದು,” ಎಂದ ಕ್ವಾರಿ ಮ್ಯಾನೇಜರ್ ಚೇತನ್ ಕುಮಾರ್. “ಜನ ಪೂಜೆ ಬೇರೆ ಮಾಡ್ತಾರೆ. ಕೆದಕೋದು ಬೇಡ. ನಾವೇ ಒಂದು ಗುಡಿ ಕಟ್ಟಿಸಿಕೊಡ್ತೀವಿ.”

“ಗುಡಿಗೆ ಯಾವ ಬೆಟ್ಟ ಒಡೀತೀಯಪ್ಪ?” ಎಂದಳು ರಂಗಕ್ಕ.

“ಲೇ ರಂಗಿ, ಅದು ಬರೀ ಕಲ್ಲು, ಇವ್ರೇ ತಂದು ನೆಟ್ಟಿದ್ದು ಅಂತ ಒಂದ್ಮಾತು ಹೇಳ್ಬುಡೇ,” ಮುದ್ದಪ್ಪ ಗೋಗರೆದ.

“ದೇವ್ರನ್ನ ಬರೀ ಕಲ್ಲು ಅಂದ್ರೆ ನಾಲ್ಗೆ ಬಿದ್ದೋಗಲ್ವಾ? ಹುಲ್ಲಿನಾಸೆಗೆ ಸುಳ್ಳಾಡೋಳಲ್ಲ ನಾನು.”

ಯಶೋಧರಾ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. “ಸುಳ್ಳು ಬೇಡಮ್ಮ. ಈ ದೇವ್ರು ಯಾವಾಗಿಂದ ಇಲ್ಲಿದ್ದಾನೆ?”

ರಂಗಕ್ಕನ ಮುಖ ಅರಳಿತು. “ಮೂರು ವರ್ಸ ಆಯ್ತು. ಶಿವರಾತ್ರಿ ಆದ ಮಾರ್ನೇ ದಿನ ಕುರಿ ಹೊಡ್ಕಂಡು ಬತ್ತೀನಿ, ನೆಟ್ಟಗೆ ನಿಂತವ್ನೆ! ಹಿಂದಿನ ಸಂಜೆ ಇಲ್ಲಿ ಒಂದು ಬೆಣಚುಕಲ್ಲೂ ಇರ್ಲಿಲ್ಲ. ನೆಲ ಸೀಳ್ಕಂಡು ಎದ್ದವ್ನೆ ನಮ್ಮಪ್ಪ. ಎಲ್ಲಿ ಬೇಕಾದ್ರೂ ಆಣೆ ಮಾಡ್ತೀನಿ.”

ಚೇತನ್ ಕುಮಾರ್ ಫೋನು ತೆಗೆದು ಅತ್ತ ತಿರುಗಿದ. ಯಶೋಧರಾ ಅವಳ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡರು.

“ಬಾಂದು ಕಲ್ಲಾದ್ರೆ ಹಿಂಭಾಗದಲ್ಲಿ ನಂಬರ್ ಇರ್ಬೇಕು. ನೀವೇ ಒರೆಸಿ ತೋರಿಸ್ತೀರಾ?”

ಮಗುವಿನ ಮೈ ಒರೆಸುವಂತೆ ರಂಗಕ್ಕ ಸೆರಗಿನಿಂದ ಮೆಲ್ಲಗೆ ಒರೆಸಿದಳು. ಮೂರು ವರ್ಷದ ಎಣ್ಣೆಯ ಕೆಳಗೆ ಉಳಿಯಿಂದ ಕೊರೆದ ‘೭’ ಕಂಡಿತು. ಅವಳ ಕೈ ನಿಂತಿತು.

“ಅಂಗಾರೆ... ಇವ್ನು ಮೊದ್ಲು ಎಲ್ಲಿದ್ದ ತಾಯಿ?”

ಯಶೋಧರಾ ನಕ್ಷೆಯಲ್ಲಿ ಏಳನೇ ಕಲ್ಲಿನ ಜಾಗ ನೋಡಿ, ಅಳತೆಯ ಯಂತ್ರ ನೋಡಿ, ಕೈ ಚಾಚಿದರು. ಬೆರಳು ತೋರಿಸಿದ ಕಡೆ ನೆಲವೇ ಇರಲಿಲ್ಲ. ಕ್ವಾರಿ ಬಗೆದ ನೂರಡಿ ಹೊಂಡದ ಮೇಲೆ ಬರಿಯ ಗಾಳಿ.

ಗೆದ್ದೆವೆಂದು ಮುದ್ದಪ್ಪ ಹೆಗಲ ಟವೆಲ್ ಬೀಸಿದ. ರಂಗಕ್ಕ ಕಲ್ಲಿನತ್ತ ಬಾಗಿ ತೀರ ಮೆಲ್ಲಗೆ ಕೇಳಿದಳು:

“ನಿನ್ನೂ ಒಕ್ಕಲೆಬ್ಬಿಸ್ಬುಟ್ರಾ ನಮ್ಮಪ್ಪಾ?”