ಪೀಚ್ ಹೂವಿನ ಟಿಪ್ಪಣಿ

"ಆ ಚೀನಾ ಹುಚ್ಚಿನ ವಿಷಯ ಅಪ್ಪಿತಪ್ಪಿಯೂ ಎತ್ಬೇಡ ಕಣೇ," ಎನ್ನುತ್ತ ತಹಾನಿ ಮಗಳ ಕೈಗೆ ಚಹಾದ ತಟ್ಟೆ ಕೊಟ್ಟಳು. "ಹೋದ ಸಲ ಬಂದ ಗಂಡು ಅದನ್ನ ಕೇಳೇ ಕಾಲ್ಕಿತ್ತಿದ್ದು ನೆನಪಿದೆ ತಾನೆ?"

ನಿರ್ಮೀನ್‌ಗೆ ನೆನಪಿತ್ತು. ಆದರೆ ಇವತ್ತಿನ ಗಂಡು ವಗೀಹ್ ಅವಳಿಗೆ ಹಿಡಿಸಿಬಿಟ್ಟಿದ್ದ, ಅದೇ ತಾಪತ್ರಯ. ಇನ್ನೊಂದು ತಾಪತ್ರಯ ಅಡುಗೆಮನೆಯಲ್ಲಿ, ಈರುಳ್ಳಿ ಬುಟ್ಟಿಯ ಪಕ್ಕದ ಲ್ಯಾಪ್‌ಟಾಪಿನಲ್ಲಿತ್ತು. ಚೀನೀ ಧಾರಾವಾಹಿಯ ಕೊನೆಯ ಕಂತನ್ನು ಐದು ಗಂಟೆಯೊಳಗೆ ಅರಬ್ಬಿಗೆ ಅನುವಾದಿಸಿ ಹಾಕುತ್ತೇನೆಂದು ಮಾತು ಕೊಟ್ಟಿದ್ದಳು. ಬಿಟ್ಟಿ ಕೆಲಸವೇ, ಆದರೂ ನಲವತ್ತು ಸಾವಿರ ಅಭಿಮಾನಿಗಳು ಕಾಯುತ್ತಿದ್ದರು. ಅವರಿಗೆ ಅವಳ ಹೆಸರು ಗೊತ್ತಿಲ್ಲ. ಅವಳು ಬರೀ 'ಪೀಚ್ ಹೂವು'.

ಐದೂವರೆಯಾಯಿತು. ಅಲೆಕ್ಸಾಂಡ್ರಿಯಾದ ಬಿಸಿಲು ಬಾಲ್ಕನಿಯಿಂದ ಇಳಿದರೂ ಬಂದವರು ಏಳಲಿಲ್ಲ. ಗಂಡಿನ ತಾಯಿ, ಹಜ್ ಮಾಡಿ ಬಂದ ಹಾಜ್ಜಾ ಇನ್‌ಶಿರಾಹ್, ಮಡಿಲಲ್ಲಿದ್ದ ಫೋನನ್ನೇ ನೋಡುತ್ತ ಮುಖ ಗಂಟಿಕ್ಕಿಕೊಂಡಿದ್ದರು. ಅವರಿಗೆ ತಾನು ಹಿಡಿಸಲಿಲ್ಲವೆಂದು ನಿರ್ಮೀನ್‌ಗೆ ಅಳುವೇ ಬಂತು. ಲೋಟ ತೊಳೆಯುವ ನೆಪದಲ್ಲಿ ಒಳಗೆ ಬಂದು ಅಭಿಮಾನಿಗಳ ಚಾನೆಲ್ಲಿಗೆ ಸಿಟ್ಟಿನಿಂದ ಬರೆದಳು: 'ಕ್ಷಮಿಸಿ, ಕಂತು ತಡ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾರೆ. ಒಪ್ಪುವ ಲಕ್ಷಣವೂ ಇಲ್ಲ, ಎದ್ದು ಹೋಗುವ ಲಕ್ಷಣವೂ ಇಲ್ಲ. ಬಸ್ಬೂಸಾ ಸಿಹಿ ಮಾತ್ರ ಮೂರನೇ ತಟ್ಟೆ ಖಾಲಿಯಾಗುತ್ತಿದೆ.'

ಹಜಾರದಲ್ಲಿ ಯಾರದೋ ಫೋನು ಟಿಣ್ ಎಂದಿತು. ಆಮೇಲೆ ಹಾಜ್ಜಾರ ದನಿ: "ವಗೀಹ್, ಆ ಬಸ್ಬೂಸಾ ಕೆಳಗಿಡೋ."

ಮರುಗಳಿಗೆಗೆ ಹಾಜ್ಜಾ ಅಡುಗೆಮನೆ ಬಾಗಿಲಲ್ಲಿದ್ದರು. ಲ್ಯಾಪ್‌ಟಾಪಿನಲ್ಲಿ ಧಾರಾವಾಹಿಯ ಸೇನಾಪತಿ ಕುದುರೆಯ ಮೇಲೆ ಅರ್ಧ ಬಾಯಿ ತೆರೆದು ನಿಂತಿದ್ದ. "ಅಯ್ಯೋ ದೇವ್ರೇ! ಪೀಚ್ ಹೂವು ನೀನೇನಾ?"

ನಿರ್ಮೀನ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ತಪ್ಪಾಯ್ತು ಹಾಜ್ಜಾ..."

"ತಪ್ಪು ಹಾಗಿರ್ಲಿ. ಮೂವತ್ತೊಂಬತ್ತು ಕಂತು ನನ್ನ ಅಳಿಸಿದ್ದೀಯಲ್ಲೇ! ಅವನು ಬದುಕ್ತಾನೋ ಸಾಯ್ತಾನೋ?"

"ಅದನ್ನ ಮೊದ್ಲೇ ಹೇಳೋ ಹಾಗಿಲ್ಲ." ಅಭ್ಯಾಸಬಲ, ಬಾಯಿಂದ ಬಂದೇಬಿಟ್ಟಿತು.

"ಗಟ್ಟಿಗಿತ್ತಿ ಕಣೇ ನೀನು! ಅತ್ತೆಗೂ ಹೇಳಲ್ವಾ?" ಹಾಜ್ಜಾ ತೋಳೇರಿಸಿ ಲೋಟಗಳಿಗೆ ಕೈ ಹಾಕಿದರು. "ನೀನು ಕೂತು ಬರಿ. ಮದ್ವೆ ಆದ್ಮೇಲೂ ಬರೀತಿರ್ಬೇಕು. ತೆರೆ ಮೇಲ್ಗಡೆ ಚೀನಾದೋರ ಪದ್ಧತಿ ಬಗ್ಗೆ ಟಿಪ್ಪಣಿ ಹಾಕ್ತೀಯಲ್ಲ, ಕಥೆಗಿಂತ ನಂಗೆ ಅದೇ ರುಚಿ. ಸರಿ, ನನ್ ಮಗ ನಿಂಗೆ ಒಪ್ಪಿಗೆನಾ? ಅದನ್ನಾದ್ರೂ ಹೇಳು."

ನಿರ್ಮೀನ್ ಕೆಂಪಾದಳು. "ಕಂತು ಮುಗೀಲಿ," ಎಂದು ತಲೆ ತಗ್ಗಿಸಿ ಬರೆಯತೊಡಗಿದಳು.

ಏಳು ಗಂಟೆಗೆ ಕಂತು ಬಂತು. ಹಾಜ್ಜಾ ಸಕ್ಕರೆ ಡಬ್ಬಿಗೆ ಫೋನು ಒರಗಿಸಿಕೊಂಡು, ಕರವಸ್ತ್ರ ಹಿಡಿದು ಕೂತರು. ಸತ್ತನೆಂದುಕೊಂಡಿದ್ದ ಸೇನಾಪತಿ ಕುದುರೆ ಇಳಿದು ಹುಡುಗಿಯ ಬಾಗಿಲು ತಟ್ಟಿ ಕೇಳಿದ: 'ನನ್ನನ್ನು ಒಪ್ಪುತ್ತೀಯಾ?' ಅವಳು ಬಾಯಿ ತೆರೆಯುವಷ್ಟರಲ್ಲಿ ತೆರೆಯ ಮೇಲ್ಗಡೆ, ನಲವತ್ತು ಸಾವಿರ ಜನರ ಕಣ್ಣೆದುರಿಗೆ, ಒಂದು ಸಾಲು ಮೂಡಿತು:

'ಟಿಪ್ಪಣಿ: ನನಗೆ ಒಪ್ಪಿಗೆ, ಅತ್ತೆ.'