ಹಸಿರು ಪೆಡಲ್

ಗಿಟಾರಿನ ದನಿಯನ್ನು ಬದಲಿಸಲು ಕಾಲಲ್ಲಿ ಒತ್ತುವ ಹಳೆಯ ಪೆಡಲ್‌ಗಳನ್ನು ಕೂಡಿಹಾಕುವ ಹುಚ್ಚು ಭಾರ್ಗವನಿಗೆ. ಒಂಬತ್ತು ವರ್ಷದಿಂದ ಅವನು ಹುಡುಕುತ್ತಿದ್ದ ಹಸಿರು ಪೆಡಲ್ ಕೊನೆಗೆ ಸಿಕ್ಕಿದ್ದು ಧಾರವಾಡದ ದೇಸಾಯರ ಮನೆಯಲ್ಲಿ. ಅದನ್ನು ಬಳಸುತ್ತಿದ್ದ ಅವರ ಮಗ ತೀರಿಕೊಂಡು ಆರು ತಿಂಗಳಾಗಿತ್ತು.

ದೇಸಾಯರು ಜಪಮಾಲೆಯನ್ನು ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಒಯ್ದು ಮುಂಬೈದಾಗ ಮಾರಾಂವೇನಪಾ?”

“ಇಲ್ಲ ಸರ್, ನನಗೇ ಬೇಕು.”

“ಹಿಂದ ಬಂದವ್ರೂ ಹಿಂಗ ಅಂದಿದ್ರು.” ಅವರು ಮಗನ ಗಿಟಾರನ್ನು ತಂದು ಅವನ ತೊಡೆಯ ಮೇಲಿಟ್ಟರು. “ಪೆಡಲ್ ಕೇಳಿದವ್ರು ಮೊದಲ ಬಾರಿಸಿ ತೋರಿಸಬೇಕು. ಹ್ಞೂಂ, ಬಾರಿಸು.”

ಭಾರ್ಗವ ಎಡಗೈಯನ್ನು ಹಿಂದಕ್ಕೆ ಸರಿಸಿದ. “ಬೆರಳಿಗೆ ಪೆಟ್ಟಾಗಿದೆ ಸರ್.”

“ಯಾವ ಬೆರಳಿಗೆ? ತೋರಿಸು.”

ಮುದುಕರು ಅವನ ಎಡಗೈ ಹಿಡಿದು ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು. “ನನ್ನ ಮಗನ ಬೆರಳು ತಂತಿ ಒತ್ತಿ ಒತ್ತಿ ಕಲ್ಲಾಗಿದ್ವು. ಇವು ಬೆಣ್ಣಿ ಹಂಗ ಅದಾವಲ್ಲೋ ತಮ್ಮಾ! ಖರೇ ಹೇಳು.”

“ಸುಳ್ಳು ಹೇಳಿದೆ ಸರ್. ನನಗೆ ನುಡಿಸೋಕೆ ಬರೋದೇ ಇಲ್ಲ. ಗಾಜಿನ ಕಪಾಟಿನಲ್ಲಿ ಇಟ್ಟು ನೋಡ್ತೀನಿ, ಅಷ್ಟೇ.”

ಅವನು ಗಿಟಾರನ್ನು ಕೆಳಗಿಟ್ಟು, ತಲೆ ತಗ್ಗಿಸಿ ಬಾಗಿಲತ್ತ ಹೊರಟ. ಹಿಂದಿನಿಂದ ದೇಸಾಯರು ತೋಳು ಹಿಡಿದು ನಿಲ್ಲಿಸಿ, ಪೆಡಲನ್ನು ಅವನ ಕೈಗಿಟ್ಟರು.

“ಚೊಲೋ ಬಾರಿಸೋ ನಾಲ್ಕು ಮಂದೀನ ಬರಿಗೈಲೆ ಕಳಿಸೇನಿ. ಅವನ ದನಿ ಇನ್ನೊಬ್ಬರ ಕೈಯಾಗ ಕೇಳೋದು ನನ್ನಿಂದ ಆಗೂದಿಲ್ಲಪಾ.”