ಗುಬ್ಬಿ ಓಡಿಸುವ ಹಗ್ಗ

ಬಾಲಿಯ ಗುಡ್ಡದ ಗದ್ದೆಗಳಲ್ಲಿ ಸುಗ್ಗಿ ನಡೆದಿತ್ತು. ನೆಂಗಾ ಕುಡುಗೋಲು ಹಿಡಿದು ಮೊದಲ ತೆನೆಗೆ ಬಾಗಿದ್ದ. ಅಷ್ಟರಲ್ಲಿ ಎದುರು ದಿಬ್ಬದ ಹೋಟೆಲಿನ ಮ್ಯಾನೇಜರ್ ರಸ್ಮಿನಿ ಬದುವಿನ ಮೇಲೆ ಓಡಿಬಂದಳು.

"ಕೊಯ್ಯಬೇಡಿ ಮಾವಾ! ನಮ್ಮ ಪ್ರವಾಸಿಗರು ಈ ಹೊನ್ನಿನ ಬಣ್ಣ ನೋಡೋಕೇ ಬಂದಿರೋದು. ತಿಂಗಳ ಕೊನೇವರೆಗೂ ಹಿಂಗೇ ನಿಲ್ಲಲಿ. ಬೆಳೆಯ ಪೂರಾ ಬೆಲೆ ಹೋಟೆಲೇ ಕೊಡುತ್ತೆ."

"ಅಷ್ಟರಲ್ಲಿ ಕಾಳೆಲ್ಲ ಉದುರಿಹೋಗುತ್ತಲ್ಲ ಮಗಳೇ."

"ಉದುರಲಿ ಬಿಡಿ. ನಿಮಗೇನು ನಷ್ಟ?"

ನಷ್ಟವೇನೂ ಇರಲಿಲ್ಲ, ನಿಜ. ನೆಂಗಾ ಕುಡುಗೋಲನ್ನು ಬದುವಿನ ಮೇಲಿಟ್ಟ, ಆದರೆ ತೆನೆಗಳ ಮೇಲಿನ ಕಣ್ಣು ತೆಗೆಯಲಿಲ್ಲ. ಮುಯ್ಯಾಳಾಗಿ ಬಂದಿದ್ದ ನೆರೆಯ ಲತ್ರ ಬದುವಿನ ಮೇಲೆ ಕೂತು ನಕ್ಕ. "ಮೊನ್ನೆ ನೀನು ನನ್ನ ಗದ್ದೆ ಕೊಯ್ದುಕೊಟ್ಟೆ. ಮುಯ್ಯಿ ತೀರಿಸೋಣ ಅಂತ ಬಂದ್ರೆ ಕೆಲಸವೇ ಇಲ್ಲವಲ್ಲೋ! ಹೋಗಿ ಮಲ್ಕೋ, ನೀನೀಗ ಸಾಹುಕಾರ."

ಆಗಲೇ ಗುಬ್ಬಿಗಳ ಹಿಂಡೊಂದು ತೆನೆಗಳ ಮೇಲೆ ಇಳಿಯಿತು. ತಗಡಿನ ಡಬ್ಬಿ ಕಟ್ಟಿದ್ದ ಹಗ್ಗಕ್ಕೆ ನೆಂಗಾನ ಕೈ ತಾನಾಗಿ ಹೋಯಿತು. ಹೋಗಿ ಅಲ್ಲೇ ನಿಂತಿತು. ಉದುರಿಹೋಗುವ ಕಾಳನ್ನು ತಾನೇಕೆ ಕಾಯಬೇಕು? ಕಾಯದಿದ್ದರೆ ಇಷ್ಟು ದಿನ ಕಾದದ್ದು ಯಾತಕ್ಕೆ?

"ಎಳೆಯೋ ಮಾರಾಯ! ಯಾಕೆ ಕಂಬದ ಹಂಗೆ ನಿಂತೆ?" ಲತ್ರ ಕೂಗಿದ.

"ಎಳೀಬೇಡಿ ಮಾವಾ. ಹಕ್ಕಿ ಇದ್ರೆ ಫೋಟೋ ಇನ್ನೂ ಚೆನ್ನಾಗಿ ಬರುತ್ತೆ," ಎಂದಳು ರಸ್ಮಿನಿ.

ನೆಂಗಾ ಅವಳ ಮುಖವನ್ನೊಮ್ಮೆ, ತೆನೆಗಳನ್ನೊಮ್ಮೆ ನೋಡಿದ. ಆಮೇಲೆ ಹಗ್ಗವನ್ನು ಜಗ್ಗಿ ಎಳೆದ. ಡಬ್ಬಿಗಳು ಗಡಗಡ ಸದ್ದು ಮಾಡಿದವು, ಗುಬ್ಬಿಗಳು ಭರ್ರೆಂದು ಎದ್ದವು.

"ಇಳಿಯೋ ಲತ್ರ," ಎಂದು ಅವನು ಕುಡುಗೋಲು ಎತ್ತಿಕೊಂಡ. "ನಿನ್ನ ಮುಯ್ಯಿ ತೀರಿಸು."